ಬಾತಿನವನ ಹೆಬ್ಬೆಟ್ಟು

ಓದಲು ಬಾರದ ಒಬ್ಬ ಮನುಷ್ಯನಿಂದ, ಅವನು ಮಾಡದ ತಪ್ಪನ್ನು ಒಪ್ಪಿಕೊಂಡ ಕಾಗದಕ್ಕೆ ನಾನು ಹೆಬ್ಬೆಟ್ಟು ಒತ್ತಿಸಿಕೊಂಡೆ. ಊರಿನಲ್ಲಿ ತಂಗಲು ಕೊಡುವ ಅನುಮತಿ ಇದು ಎಂದು ಸುಳ್ಳು ಹೇಳಿ ಒತ್ತಿಸಿಕೊಂಡೆ. ಅವನ ಹೆಸರು ಮುನಿಸ್ವಾಮಿ. ಇದನ್ನು ಅವನಿಗೇ ಬರೆಯಬೇಕಿತ್ತು — ಆದರೆ ಅವನಿಗೆ ಓದಲು ಬಾರದು. ಅಂದು ನಾನು ನೆಚ್ಚಿಕೊಂಡದ್ದೂ ಅದನ್ನೇ.

ತೊಂಬತ್ತರ ದಶಕದ ನಡುವಿನ ಮಾತು. ಕ್ಯಾತನಹಳ್ಳಿಯಿಂದಾಚೆ, ಪಾಂಡವಪುರ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ಕಾರ್ಯದರ್ಶಿ. ಕೆರೆ ಏರಿಯ ಕೆಳಗೆ ಊರಿಗೆ ಸೇರಿದ ಗುಂಡುತೋಪಿತ್ತು. ಹುಣಸೆ, ನೇರಳೆಯ ನೆರಳು, ಪಕ್ಕದಲ್ಲೇ ನೀರು. ಬಂದವರೆಲ್ಲ ಅಲ್ಲೇ ಬೀಡು ಬಿಡುತ್ತಿದ್ದರು — ಕುರಿಯವರು, ಒರಳುಕಲ್ಲು ಕುಟ್ಟುವವರು, ಸುಗ್ಗಿಯ ಹೊತ್ತಿಗೆ ಬಾತು ಮೇಯಿಸುವವರು. ಆ ವರ್ಷಗಳಲ್ಲಿ ಹೊಸಬರೂ ಸೇರಿಕೊಂಡರು. ಶ್ರೀರಂಗಪಟ್ಟಣ ನೋಡಿಕೊಂಡು, ಜೀಪಿನಲ್ಲಿ ಡೇರೆ ಹೇರಿಕೊಂಡು ಬರುವ ಮೈಸೂರಿನ ಕಡೆಯ ಯುವಕರು. ಅವರು ಹೋದ ಮೇಲೆ ತೋಪಿನ ತುಂಬ ಎಂಜಲೆಲೆ, ಮೂಳೆ, ಒಡೆದ ಬಾಟಲಿ.

ಊರಿನವರು ಬೇಸತ್ತಾಗ ನಿಯಮ ಬರೆದವನು ನಾನೇ. ಪಂಚಾಯಿತಿಗೆ ತಿಳಿಸಿ ತಂಗಬೇಕು. ಮೂರು ರಾತ್ರಿ ಮಾತ್ರ. ಅದಕ್ಕೂ ಹೆಚ್ಚು ದಿನ ಇರಲು ಚೀಟಿ ಬೇಕು. ಜಾಗ ಕೆಡಿಸಿದವರಿಗೆ ಮತ್ತೆ ಜಾಗವಿಲ್ಲ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಪಂಚಾಯಿತಿಗಳವರೂ ಅದನ್ನು ತರಿಸಿಕೊಂಡು ಹಾಗೆಯೇ ಜಾರಿ ಮಾಡಿದರು. ನಾನು ಹಿಗ್ಗಿದೆ. ನಿಯಮದಲ್ಲಿ ತಪ್ಪಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ತಪ್ಪು ಇದ್ದದ್ದು ಬೇರೆ ಕಡೆ.

ಆ ಸುಗ್ಗಿಗೆ ಮುನಿಸ್ವಾಮಿ ಬಂದ — ಅವನು, ಅವನ ಹೆಂಡತಿ, ಐನೂರರ ಮೇಲೆ ಬಾತು. ಗಡಿಯ ಕಡೆಯವನು, ಎಷ್ಟೋ ವರ್ಷದಿಂದ ಬಂದು ಹೋಗುತ್ತಿದ್ದವನು. ಕೊಯ್ಲಾದ ಗದ್ದೆಗೆ ಬಾತು ಇಳಿಸಿದರೆ ಅವು ಉದುರಿದ ಭತ್ತ, ಹುಳುಹುಪ್ಪಟೆ ತಿಂದು ಗೊಬ್ಬರ ಹಾಕಿ ಹೋಗುತ್ತವೆ. ಗದ್ದೆಯವನ ಮನೆಗೆ ಬೆಳಿಗ್ಗೆ ಒಂದಿಷ್ಟು ಮೊಟ್ಟೆ. ಕೆಳಗಿನ ಬಯಲಿನ ಕೊಯ್ಲಿಗೆ ಇನ್ನೂ ಎರಡು ವಾರವಿತ್ತು. ಅಷ್ಟು ದಿನ ತೋಪಿನಲ್ಲಿ ಇರಲು ಬಿಟ್ಟರೆ ಅವನ ಬಾತು ಬದುಕುತ್ತಿದ್ದವು, ಅವನೂ ಬದುಕುತ್ತಿದ್ದ. ಅದಕ್ಕೆ ಚೀಟಿ ಕೇಳಿದ. ನಮ್ಮ ಮನೆಗೂ ಮೊಟ್ಟೆ ತಂದ. ತಿಂದೆವು.

ಅದೇ ವಾರ ಕೆರೆಯ ತೂಬಿನ ಹತ್ತಿರ ಬಟ್ಟೆ ಒಗೆಯಲು ಹೋದ ನಮ್ಮೂರ ಸಣ್ಣಮ್ಮನ ಅಂಗಾಲಿಗೆ ಗಾಜು ಹೊಕ್ಕಿತು. ಕಾಲು ಊದಿಕೊಂಡು ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದರು. ಊರು ರೇಗಿತು, ಯಾರ ತಪ್ಪು ಎಂದು ಮಹಜರು ಬರೆಯಲೇಬೇಕಾಯಿತು. ಯಾರ ತಪ್ಪೆಂದು ನನಗೆ ಗೊತ್ತಿತ್ತು. ಹಿಂದಿನ ಭಾನುವಾರ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಬರುವಾಗ ಕಣ್ಣಾರೆ ಕಂಡಿದ್ದೆ — ಜೀಪಿನವರು ನಾಲ್ವರು, ತೂಬಿನ ಕಲ್ಲಿಗೆ ಗುರಿಯಿಟ್ಟು ಬಾಟಲಿ ಎಸೆಯುತ್ತಿದ್ದರು. ಒಬ್ಬ ನನ್ನತ್ತ ಕೈ ಬೀಸಿದ. ನಾನೂ ಬೀಸಿದೆ.

ಅಧ್ಯಕ್ಷರಿಗೆ ಇದನ್ನು ಹೇಳಿದೆ. ಅವರು ನಕ್ಕರು.

“ಅವ್ರು ನಮ್ಮ ಭಾಮೈದನ ಸ್ನೇಯಿತ್ರು ಕಣಯ್ಯ. ಅವರ ಎಸ್ರು ಬರ್ದು ನಾನು ಎಂಡ್ರು ತಾವ ಉಗಿಸ್ಕೊಬೇಕಾ? ಬಾತಿನೋನ್ದು ಬರ್ಕೊ. ಅವನೇನು ನಮ್ಗೆ ಓಟು ಆಕಾನಾ?”

ಆಗುವುದಿಲ್ಲ ಎನ್ನಬಹುದಿತ್ತು. ನನ್ನ ಕೆಲಸ ಹೋಗುತ್ತಿರಲಿಲ್ಲ. ಅವರು ಅಂಥ ಕೇಡಿಗರೂ ಅಲ್ಲ. ಇನ್ನೊಂದು ಸಲ ಹೇಳಿದ್ದರೆ “ಆಯ್ತು ಬುಡಯ್ಯ” ಎನ್ನುತ್ತಿದ್ದರೋ ಏನೋ. ನಾನು ಒಂದೇ ಸಲ ಹೇಳಿದೆ.

ಮಹಜರನ್ನು ಜಾಗಕ್ಕೆ ಹೋಗಿ ಬರೆಯಬೇಕು. ನಾನು ಕಚೇರಿಯ ಮೇಜಿನ ಮೇಲೆ, ಕೆಳಗೆ ಕಾರ್ಬನ್ ಇಟ್ಟು ಬರೆದೆ — ಗಾಜು ನನ್ನ ಬೀಡಿನದು, ತಪ್ಪು ಒಪ್ಪಿಕೊಂಡಿದ್ದೇನೆ ಎಂದು, ಮುನಿಸ್ವಾಮಿಯ ಮಾತಿನಂತೆ. ಪಂಚರ ರುಜುಗಳು ಟೀ ಅಂಗಡಿಯಲ್ಲಿ ಸಿಕ್ಕವು. ಆಮೇಲೆ ಅವನನ್ನು ಕರೆಸಿದೆ.

“ಇರೋದಕ್ಕೆ ಅನುಮತಿ ಕಾಗದ. ಇಲ್ಲಿ ಒತ್ತಪ್ಪ.”

ಅವನು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು, ಶಾಯಿಗೆ ಅದ್ದಿ, ಒತ್ತಿದ. “ನಂಗೂ ಒಂದು ಕೊಡಿ ಸಾಮಿ. ಮುಂದ್ಲೂರಲ್ಲಿ ಕೇಳ್ತಾರೆ.”

ಕೊಡದಿದ್ದರೆ ಅವನಿಗೆ ಅನುಮಾನ ಬರುತ್ತಿತ್ತು. ಕಾರ್ಬನ್ ಪ್ರತಿಗೂ ಹೆಬ್ಬೆಟ್ಟು ಒತ್ತಿಸಿ, ಸೀಲು ಹಾಕಿ ಕೊಟ್ಟೆ. ಅದನ್ನು ಕಣ್ಣಿಗೆ ಒತ್ತಿಕೊಂಡ.

ಎರಡೇ ದಿನದಲ್ಲಿ ಊರಿನವರು ಕಾರಣವನ್ನೂ ಹೇಳದೆ ಅವನ ಬೀಡು ಕಿತ್ತರು. ನಮ್ಮ ಬಾಗಿಲಿಗೆ ಬಂದು ನಿಂತ. ಅಧ್ಯಕ್ಷರ ಮಾತು, ನನ್ನ ಕೈಯಲ್ಲಿಲ್ಲ ಎಂದೆ.

“ಓಗ್ಲಿ ಬುಡಿ ಸಾಮಿ. ನೀವು ಕೊಟ್ಟ ಚೀಟಿ ಅದೆಯಲ್ಲ, ಮುಂದ್ಲೂರಿಗೆ ಆಯ್ತದೆ.”

ಆಗ ಹೇಳಬಹುದಿತ್ತು. ಅದನ್ನು ಯಾರಿಗೂ ತೋರಿಸಬೇಡ, ಹರಿದು ಹಾಕು — ಅಷ್ಟೇ ಮಾತು. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದ. ಬಾತುಗಳ ಸದ್ದು ಏರಿಯ ಆಚೆ ಇಳಿಯುವವರೆಗೂ ಬಾಗಿಲಲ್ಲೇ ನಿಂತಿದ್ದೆ.

ಕಾಲು ವಾಸಿಯಾಗಿ ಬಂದ ಸಣ್ಣಮ್ಮ ಒಂದು ದಿನ ಬಸ್ಸಿಗೆ ಕಾಯುತ್ತಿದ್ದವರ ಮುಂದೆಯೇ ಕೇಳಿದಳು: “ಅಲ್ಲ ಸೆಕ್ರೆಟ್ರಿಗಳೇ, ಬಾತುಕೋಳಿಗಳು ಯಾವಾಗಿಂದ ಬೀರು ಕುಡಿಯಾದು ಕಲ್ತ್ವು?” ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದರೆ — ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಅವನೊಬ್ಬನೇ.

ಬೇಸಿಗೆಯಲ್ಲಿ ಪಾಂಡವಪುರದ ರೈಲು ನಿಲ್ದಾಣದಲ್ಲಿ ಅವನನ್ನು ಕಂಡೆ. ಬಾತು ಅಟ್ಟುವ ಉದ್ದನೆಯ ಕೋಲು ಪಕ್ಕದಲ್ಲಿತ್ತು. ಹೆಂಡತಿ ಗಂಟಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಬಾತು ಎಲ್ಲಿ ಎಂದು ಕೇಳಿದೆ. ಕೇಳಬಾರದಿತ್ತು.

“ಎಲ್ಲಿ ಬಾತು ಸಾಮಿ. ಯಾವೂರಲ್ಲೂ ಗದ್ದೆಗೆ ಇಳಿಸ್ಲಿಲ್ಲ. ಮೇವಿಲ್ದೆ ರಸ್ತೆ ಮೇಲೇ ಅರ್ಧ ಸತ್ವು. ಉಳಿದಿದ್ದು ಕೊಟ್ಬುಟ್ಟೆ.” ಸೊಂಟದಿಂದ ಪ್ಲಾಸ್ಟಿಕ್ ಸುತ್ತಿದ ಕಾಗದ ತೆಗೆದ. “ಕೆ.ಆರ್. ಪೇಟೆ ಕಡೆ ತೋರಿಸ್ದೆ, ನಾಗಮಂಗ್ಲದ ಕಡೆ ತೋರಿಸ್ದೆ. ಓದ್ತಾರೆ, ಮೊಕ ಗಂಟಾಕ್ತಾರೆ, ನಡಿ ಅಂತಾರೆ. ಸೀಲು ಸರಿಯಾಗಿ ಬಿದ್ದಿಲ್ವೋ ಏನೋ. ಒಸಿ ನೋಡಿ.”

ನೋಡಿದೆ. ನನ್ನ ಅಕ್ಷರ. ಕಾರ್ಬನ್ನಿನ ನೀಲಿ ಮಾಸಿತ್ತು, ಆದರೆ ಓದಲು ಬರುತ್ತಿತ್ತು. ಊರೂರಿಗೂ ಹೋಗಿ ಅವನು ತನ್ನ ಕೈಯಾರೆ ತೋರಿಸಿದ್ದು ಇದನ್ನು. ಹರಿದು ಹಾಕಬಹುದಿತ್ತು — ಆಗಲೂ. ನಾನು ಅದನ್ನು ಹಳೆಯ ಮಡಿಕೆಯಲ್ಲೇ ಮಡಿಸಿದೆ.

“ಸರಿಯಾಗೇ ಇದೆ,” ಎಂದೆ. “ಜೋಪಾನ.”

ರೈಲು ಬಂತು. ಅವನು ಕೈ ಮುಗಿದು ಹತ್ತಿದ.

ಇದನ್ನು ಬರೆದದ್ದರಿಂದ ಏನೂ ತೀರುವುದಿಲ್ಲ. ಮೂಲಪ್ರತಿಯನ್ನು ನಾನೇ ಕಡತಕ್ಕೆ ಸೇರಿಸಿದ್ದೆ. ಅದು ಸುಳ್ಳು ಎಂದು ರುಜು ಹಾಕಿ ಪಂಚಾಯಿತಿಗೆ ಬರೆದುಕೊಡುತ್ತೇನೆ. ಮುನಿಸ್ವಾಮಿ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಇದ್ದರೆ ಇನ್ನೊಂದು ಪ್ರತಿ ಅವನ ಹತ್ತಿರ ಇದ್ದೇ ಇರುತ್ತದೆ. ಜೋಪಾನ ಎಂದು ನಾನೇ ಹೇಳಿದ್ದೆನಲ್ಲ.