ಹುಣಸೂರಿನ ಮೇಡಂ ಮತ್ತು ಮೊದಲ ಕಮಿಟ್

ಕಳೆದ ತಿಂಗಳು ಕೆ.ಆರ್. ನಗರದಿಂದ ಹುಣಸೂರಿಗೆ ಹೋಗುವಾಗ, ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಒಂದು ಕಿರಿದಾದ ಮೆಟ್ಟಿಲ ಸಾಲು, ಮೇಲೊಂದು ಕೋಣೆ, ಅಲ್ಲಿ ಮೂರು ಕಂಪ್ಯೂಟರುಗಳ ನಡುವೆ ಕನ್ನಡಕ ತಲೆಗೇರಿಸಿ ಕೂತ ಮೇಡಂ ಕಂಡರು... ಅವರ ಸೆಂಟರ್ ಇದ್ದದ್ದು ಹೊಗೆಸೊಪ್ಪಿನ ಗೋದಾಮಿನ ಮೇಲೆಯೇ.

ಮೇಡಂ ಮಿರ್ಲೆಯಲ್ಲಿ ಹುಟ್ಟಿ ಹುಣಸೂರಿಗೆ ಸೊಸೆಯಾಗಿ ಬಂದವರು. ಮೊದಲು ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳ ಕಾಲ ಮುಗಿದಾಗ, ನಲವತ್ತು ದಾಟಿದ ಮೇಲೆ, ತಾವೇ ಕಂಪ್ಯೂಟರ್ ಕಲಿತು ನಮ್ಮಂಥವರಿಗೆ ಕಲಿಸತೊಡಗಿದರು.

ನಾನೂ ಗುರುಪುರದ ಒಬ್ಬ ಗೆಳತಿಯೂ ಅಲ್ಲಿ ಕೂತು ಒಂದು ಮೊಬೈಲ್ ಆ್ಯಪ್ ಮಾಡುತ್ತಿದ್ದೆವು. ಅವಳ ಅತ್ತೆ ಎಚ್.ಡಿ. ಕೋಟೆ ಕಡೆ ನರ್ಸ್. ಕಾಡಂಚಿನ ಗಿರಿಜನರ ಹಾಡಿಗಳಲ್ಲಿ ಹೆರಿಗೆ ನೋವು ಬಂದಾಗ ಯಾವ ಜೀಪಿನವನಿಗೆ ಫೋನ್ ಮಾಡಬೇಕೆಂದು ತಿಳಿಯದೆ ಹೆಂಗಸರು ಒದ್ದಾಡುವುದನ್ನು ಅವರು ಕಂಡಿದ್ದರು. ಅಕ್ಷರ ಬಾರದವರೂ ಚಿತ್ರ ಒತ್ತಿದರೆ ಹತ್ತಿರದ ಜೀಪಿಗೆ ಕರೆ ಹೋಗಬೇಕು, ಇಂಟರ್ನೆಟ್ ಇಲ್ಲದಿದ್ದರೂ ನಡೆಯಬೇಕು. ಅಷ್ಟೇ ನಮ್ಮ ಆ್ಯಪ್.

ಕೋಡನ್ನು ಪೆನ್‌ಡ್ರೈವಿನಲ್ಲಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದೆವು. 'ಫೈನಲ್', 'ಫೈನಲ್ ಎರಡು', 'ನಿಜವಾದ ಫೈನಲ್' ಎಂದು ಫೋಲ್ಡರುಗಳು ಬೆಳೆದವು. ಒಂದು ದಿನ ನನ್ನ ಹಳೆಯ ಫೋಲ್ಡರ್ ಅವಳ ಹೊಸದರ ಮೇಲೆ ಕೂತುಬಿಟ್ಟಿತು. ಅವಳ ಮೂರು ವಾರದ ಕೆಲಸ ಹೋಯಿತು. ಅವಳು ಚೀಲ ಎತ್ತಿಕೊಂಡು ಎದ್ದಳು. ಇನ್ನು ನನ್ನ ಜೊತೆ ಕೂರುವುದಿಲ್ಲ ಎಂದಳು.

ಮೇಡಂ ಯಾರನ್ನೂ ಬೈಯಲಿಲ್ಲ. ನಾಲ್ಕು ದಿನ ಬಿಟ್ಟು ಇಬ್ಬರೂ ಬರಬೇಕು ಎಂದು ಗೆಳತಿಯಿಂದ ಮಾತು ತೆಗೆದುಕೊಂಡರು. ನಾವು ಹೋದಾಗ ಅವರ ಮುಂದೆ ಒಂದು ನೋಟ್‌ಬುಕ್ ತುಂಬ ಬರಹ. ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಿಡುವ ಗಿಟ್ ಎಂಬ ಸಾಧನವನ್ನು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ ಬರೆದುಕೊಂಡಿದ್ದರು.

"ನಂಗೂ ಗೊತ್ತಿರ್ಲಿಲ್ಲ ಕಣ್ರವ್ವಾ. ಈ ನಾಕು ದಿನದಲ್ಲಿ ಕಲ್ತೆ," ಎಂದರು. "ತಪ್ಪು ನಿಮ್ದಲ್ಲ. ಇದ್ನ ಮೊದ್ಲೇ ಹೇಳ್ಕೊಡ್ದೇ ಇದ್ದುದ್ದು ನಂದು."

ಗೆಳತಿ ಚೀಲ ಕೆಳಗಿಟ್ಟಳು.

ಒಂದು ಸಣ್ಣ ಕೆಲಸ ಮುಗಿದ ಕೂಡಲೇ ಅದನ್ನು ದಾಖಲಿಸಿಡಬೇಕು, ಅದೇ ಕಮಿಟ್. ಏನು ಬದಲಿಸಿದೆ, ಏಕೆ ಬದಲಿಸಿದೆ ಎಂದು ಒಂದು ಸಾಲು ಬರೆಯಬೇಕು. ಇಬ್ಬರೂ ಬೇರೆ ಬೇರೆ ಕವಲಿನಲ್ಲಿ, ಅಂದರೆ ತಮ್ಮ ತಮ್ಮ ಪ್ರತಿಯಲ್ಲಿ, ಕೆಲಸ ಮಾಡಿ, ಒಟ್ಟಿಗೆ ಕೂತು ಸೇರಿಸಬೇಕು. ಹಿಂದಿನದು ಯಾವುದೂ ಅಳಿಯುವುದಿಲ್ಲ. ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಅವರು ಬೆವೆತಿದ್ದರು. ನಾನು ಮೊದಲ ಕಮಿಟ್ ಮಾಡಿ 'ಬದಲಾಯಿಸಿದೆ' ಎಂದು ಬರೆದೆ. ಮೇಡಂ ಒಪ್ಪಲಿಲ್ಲ.

"ಏನ ಬದಲಾಯಿಸ್ದೆ? ಆರು ತಿಂಗ್ಳು ಬುಟ್ಟು ಓದುದ್ರೆ ನಿಂಗೇ ಗೊತ್ತಾಯ್ತದಾ?"

ಅಂದಿನಿಂದ ದಿನಕ್ಕೆ ಹತ್ತು ಸಲ ಬರೆದೆ. ಬೇಸರಪಟ್ಟುಕೊಂಡೇ ಬರೆದೆ...

ಕೊನೆಗೆ ಹಾಡಿಯಲ್ಲಿ ಆ್ಯಪ್ ತೋರಿಸುವ ದಿನ ಬಂತು. ಅಂಗನವಾಡಿಯ ಜಗುಲಿಯಲ್ಲಿ ಹೆಂಗಸರು ಸೇರಿದ್ದರು. ಆರೋಗ್ಯ ಇಲಾಖೆಯಿಂದ ಇಬ್ಬರು ಬಂದಿದ್ದರು, ಅವರು ಒಪ್ಪಿದರೆ ಸುತ್ತಲಿನ ಹಾಡಿಗಳಿಗೆಲ್ಲ ಇದು ಹೋಗುತ್ತಿತ್ತು. ನನ್ನ ಫೋನಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಆ್ಯಪ್ ಅಂಗನವಾಡಿಯ ಹಳೆಯ ಫೋನಿನಲ್ಲಿ ತೆರೆದ ಕೂಡಲೇ ಮುಚ್ಚಿಕೊಂಡಿತು. ಮತ್ತೆ ಒತ್ತಿದೆ, ಮತ್ತೆ ಮುಚ್ಚಿತು. ಬಂದವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ನಾನು ಲ್ಯಾಪ್‌ಟಾಪ್ ತೆಗೆದು ಕೈಗೆ ಸಿಕ್ಕ ಸಾಲುಗಳನ್ನೆಲ್ಲ ಅಳಿಸಲು ಹೊರಟೆ. ಮೇಡಂ ನನ್ನ ಮಣಿಕಟ್ಟು ಹಿಡಿದರು.

"ಏನೂ ಮುಟ್ಬ್ಯಾಡ. ಮೊದ್ಲು ಓದು."

ಹಿಂದಿನ ಕಮಿಟ್‌ಗಳನ್ನು ಒಂದೊಂದಾಗಿ ಓದಿದೆ. ಆ ಬೆಳಿಗ್ಗೆ ಗೆಳತಿ, ಆ್ಯಪಿನಲ್ಲಿ ಆಮೇಲೆ ಸೇರಿಸಿದ್ದ 'ನರ್ಸ್ ಬರುವ ದಿನ'ವನ್ನು ಸರಿಪಡಿಸಿದ್ದಳು. ಅದರ ಕೆಳಗೆ ಹಿಂದಿನ ದಿನದ ನನ್ನ ಸಾಲು: 'ಅಂದ ಕಾಣಲೆಂದು ಬಟನ್‌ಗಳಿಗೆ ದೊಡ್ಡ ಫೋಟೊ ಹಾಕಿದೆ.' ಆ ಭಾರವನ್ನು ಹಳೆಯ ಫೋನ್ ಹೊರಲಾರದೆ ಹೋಗಿತ್ತು. ನನ್ನ ಆ ಒಂದು ಕಮಿಟನ್ನು ಮಾತ್ರ ಹಿಂದಕ್ಕೆ ತೆಗೆದೆ. ಗೆಳತಿಯ ಕೆಲಸಕ್ಕೆ ಏನೂ ಆಗಲಿಲ್ಲ. ಕೇಬಲ್ ಹಾಕಿ ಆ್ಯಪನ್ನು ಮತ್ತೆ ಫೋನಿಗೆ ಇಳಿಸಿದೆವು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರ ಕೈಗೆ ಮೇಡಂ ಫೋನ್ ಕೊಟ್ಟರು. ಅಜ್ಜಿ ಜೀಪಿನ ಚಿತ್ರವನ್ನು ಹೆಬ್ಬೆರಳಿನಿಂದ ಒತ್ತಿದರು. ಒಂದು ಗಳಿಗೆ ಏನೂ ಇಲ್ಲ... ಆಮೇಲೆ ಜಗುಲಿಯ ಹಿಂದೆ, ಹುಣಸೆಮರದ ಕೆಳಗೆ ನಿಂತಿದ್ದ ಜೀಪಿನಿಂದ ರಿಂಗ್ ಕೇಳಿಸಿತು. ಡ್ರೈವರ್ ನಿದ್ದೆಯಿಂದ ಎದ್ದು, "ಎಲ್ಲಿಗ್ ಬರ್ಬೇಕು?" ಎಂದದ್ದು ಫೋನಿನಲ್ಲೂ ಗೋಡೆಯಾಚೆಯಿಂದಲೂ ಒಟ್ಟಿಗೆ ಕೇಳಿತು.

"ಇಲ್ಗೇ ಬಾಪ್ಪ, ನಿನ್ ಮೋರೆ ನೋಡ್ಬೇಕು," ಎಂದರು ಅಜ್ಜಿ.

ಜಗುಲಿಯೆಲ್ಲ ನಕ್ಕಿತು. ಗಡಿಯಾರ ನೋಡಿಕೊಂಡಿದ್ದವರೂ ನಕ್ಕರು. ಗೆಳತಿ ಎಲ್ಲರ ಎದುರಿಗೇ ನನ್ನನ್ನು ತಬ್ಬಿಕೊಂಡಳು. ಮೇಡಂ ಮಾತ್ರ ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸುತ್ತಿದ್ದರು. ತಿಂಗಳೊಳಗೆ ಆ್ಯಪ್ ಸುತ್ತಲಿನ ಹಾಡಿಗಳಿಗೆ ಹೋಯಿತು. ಮಳೆಗಾಲದ ಒಂದು ಬೆಳಿಗ್ಗೆ ನರ್ಸ್ ಫೋನ್ ಮಾಡಿ, ಆ ಅಜ್ಜಿಯ ಮೊಮ್ಮಗಳಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತೆಂದೂ ಜೀಪು ಕರೆದದ್ದು ಅಜ್ಜಿಯೇ ಎಂದೂ ಹೇಳಿದರು. ಆ ದಿನ ಮೇಡಂ ಸೆಂಟರಿಗೆ ಬಂದವರಿಗೆಲ್ಲ ಮೈಸೂರುಪಾಕ್ ಹಂಚಿದರು.

ಮೇಡಂ ತೀರಿಕೊಂಡು ಎರಡು ವರ್ಷವಾಯಿತು. ಕಾಯಿಲೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಸೆಂಟರ್ ಇದ್ದ ಕೋಣೆಗೆ ಈಗ ಬೀಗ ಹಾಕಿದೆ.

ಈಗ ನಾನು ಕೆ.ಆರ್. ನಗರದಲ್ಲಿ ಹುಡುಗಿಯರಿಗೆ ಆ್ಯಪ್ ಮಾಡುವುದನ್ನು ಕಲಿಸುತ್ತೇನೆ. ಹೋದ ವಾರ ಹಾಡಿಯ ಹುಡುಗಿಯೊಬ್ಬಳು ನಮ್ಮ ಜೀಪಿನ ಆ್ಯಪಿಗೆಂದು ತಾನೇ ಬರೆದ ಕೋಡನ್ನು ನಮಗೆ ಕಳಿಸಿದ್ದಳು. ಚಿತ್ರ ಮುಟ್ಟಿದರೆ ಆ್ಯಪ್ ಈಗ ಹಾಡಿಯವರದೇ ಮಾತಿನಲ್ಲಿ, ಅವಳದೇ ದನಿಯಲ್ಲಿ, ಅದೇನೆಂದು ಹೇಳುತ್ತದೆ. ಒಂದು ತಪ್ಪೂ ಇರಲಿಲ್ಲ. ಅದನ್ನು ಸೇರಿಸಿದ ಖುಷಿಯಲ್ಲಿ ಫೋನ್ ಎತ್ತಿ ಮೇಡಂ ನಂಬರನ್ನು ಅರ್ಧ ಒತ್ತಿಬಿಟ್ಟಿದ್ದೆ...