ಟೇಬಲ್ ಕೆಳಗೆ ಕೂತವನು ಕಂಡ ಸುಮಂಗಲಕ್ಕ

ಸುಮಂಗಲಕ್ಕನಿಗೆ ಸಿಟ್ಟು ಬಂದರೆ ಮೊದಲು ಕಾರಿನ ಏಸಿ ಆಫ್ ಆಗುತ್ತಿತ್ತು. ಆ ಸದ್ದಿನಲ್ಲಿ ತಮ್ಮ ಮಾತು ನೆಟ್ಟಗೆ ಕೇಳಿಸುವುದಿಲ್ಲ ಎಂಬುದು ಅವರ ವಾದ. ಡಲ್ಲಾಸಿನ ಜುಲೈ ಬಿಸಿಲಲ್ಲಿ, ಮೆಕಿನ್ನಿಯಿಂದ ಪ್ಲೇನೋದ ಆಫೀಸಿನವರೆಗೆ, ಪಕ್ಕದ ಸೀಟಿನಲ್ಲಿ ಬೆವರುತ್ತಾ ನಾಲ್ಕು ವರ್ಷ ಆ ಸಿಟ್ಟನ್ನು ಕೇಳಿದ್ದೇನೆ. ನಮ್ಮ ಆಫೀಸುಗಳು ಬೇರೆ ಬೇರೆ, ಕಟ್ಟಡಗಳು ಎದುರುಬದುರು. ಕಾರು ಅವರದು, ಅಭಿಪ್ರಾಯಗಳೂ ಅವರವೇ.

ಹುಬ್ಬಳ್ಳಿಯವರು. ಐವತ್ತು ದಾಟಿದ್ದರೂ ತಲೆಗೆ ಬಣ್ಣ ಹಚ್ಚಿದವರಲ್ಲ. ಕೋಡ್ ಬರೆಯುವುದರಲ್ಲಿ ಇಪ್ಪತ್ತೈದರ ಹುಡುಗರು ಅವರ ಹತ್ತಿರ ಸುಳಿಯುವಂತಿರಲಿಲ್ಲ. ಆಫೀಸಿನ ಚಾಟ್ ಪರದೆಯಲ್ಲಿ, ಕೆಲಸದಲ್ಲಿದ್ದಾರೆಂದು ತೋರಿಸಲು, ಹೆಸರಿನ ಪಕ್ಕ ಹಸಿರು ದೀಪ ಉರಿಯುತ್ತಿರಲೆಂದು ಮೌಸ್ ಅಲುಗಾಡಿಸುವ ಯಂತ್ರ ಕೊಂಡವರನ್ನು ಕಂಡರೂ ಸಿಟ್ಟು, ಆ ದೀಪ ನೋಡಿ ಜನರನ್ನು ಅಳೆಯುವ ಮ್ಯಾನೇಜರುಗಳನ್ನು ಕಂಡರೂ ಸಿಟ್ಟು. ಒಮ್ಮೆ ಅವರ ಟೀಮಿನವನೊಬ್ಬನ ತಂದೆ ತೀರಿಕೊಂಡಾಗ ಮ್ಯಾನೇಜರು ಎಐ ಕೈಲಿ ಸಂತಾಪದ ಮೇಲ್ ಬರೆಸಿ ಎಲ್ಲರಿಗೂ ಕಳಿಸಿದ. ಮೇಲ್ ಶುರುವಾಗುವ ಕಡೆಯೇ 'ಇಲ್ಲಿ ಹೆಸರು ಸೇರಿಸಿ' ಎಂದು ಹಾಗೆಯೇ ಉಳಿದಿತ್ತು. ಸುಮಂಗಲಕ್ಕ ಎಲ್ಲರೆದುರೇ ಉತ್ತರ ಬರೆದರು. ಅದರ ಸಾರವನ್ನು ನನಗೆ ಕಾರಿನಲ್ಲಿ ಹೇಳಿದ್ದು ಹೀಗೆ: "ಹೆಸರು ಹಾಕಾಕೂ ಪುರಸೊತ್ತಿಲ್ಲಂದ್ರ ದುಃಖ ಪಡಬ್ಯಾಡ್ರಿ. ಯಾರು ಒತ್ತಾಯ ಮಾಡ್ಯಾರ?" ಆ ವರ್ಷ ಅವರಿಗೆ ಬಡ್ತಿ ಸಿಗಲಿಲ್ಲ. ಅದಕ್ಕೆ ಮಾತ್ರ ಅವರಿಗೆ ಸಿಟ್ಟೇ ಬರಲಿಲ್ಲ.

ನನಗೂ ಅವರ ಮೇಲೆ ಸಿಟ್ಟಿದೆ. ಅದು ಗಿರೀಶನ ವಿಷಯಕ್ಕೆ.

ಗಿರೀಶ ನನ್ನ ಗೆಳೆಯ. ಒಂಬತ್ತು ವರ್ಷ ದುಡಿಸಿಕೊಂಡ ಕಂಪನಿ ಏಳು ನಿಮಿಷದ ವೀಡಿಯೋ ಕಾಲಿನಲ್ಲಿ ಅವನನ್ನು ಮನೆಗೆ ಕಳಿಸಿತು. ವೀಸಾ ಮೇಲಿರುವ ನಮ್ಮಂಥವರಿಗೆ ಆಮೇಲೆ ಸಿಗುವುದು ಅರವತ್ತು ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಮಗಳ ಸ್ಕೂಲು, ಮನೆ ಎಲ್ಲ ಬಿಟ್ಟು ಹೆಂಡತಿ ಮಗಳೊಂದಿಗೆ ಗಂಟುಮೂಟೆ ಕಟ್ಟಬೇಕು. ಯಾವ ಸೀಮೆ ನ್ಯಾಯ ಇದು? ಇಂಟರ್‌ವ್ಯೂ ಎಂದರೆ ಗಿರೀಶನಿಗೆ ನಾಲಿಗೆ ತೊಡರುತ್ತಿತ್ತು. ಎರಡು ಕಡೆ ತಿರಸ್ಕಾರವಾಗಿ, ಇಪ್ಪತ್ತು ದಿನ ಉಳಿದಾಗ ನಾನೇ ಹೇಳಿದೆ: "ವೀಡಿಯೋದಲ್ಲಿ ನೀನು ತುಟಿ ಆಡಿಸು ಸಾಕು. ನಾನು ಮಾತಾಡ್ತೀನಿ." ಹಾಗೆ ಕೆಲಸ ಹಿಡಿದವರನ್ನು ನಾನು ಕಂಡಿದ್ದೆ.

ಇಂಟರ್‌ವ್ಯೂ ಸುಮಂಗಲಕ್ಕನ ಕಂಪನಿಯಲ್ಲೇ. ಸಾವಿರಾರು ಜನರಿರುವ ಜಾಗ, ಅವರೇ ಬಂದು ಕೂರುತ್ತಾರೆಂದು ಯಾರು ಎಣಿಸಿದ್ದರು? ಗಿರೀಶನ ಟೇಬಲ್ ಕೆಳಗೆ ಮೈಕ್ ಹಿಡಿದು ಕೂತಿದ್ದ ನನಗೆ ಅವರ ದನಿ ಕೇಳಿಸಿತು. ದನಿ ದಪ್ಪ ಮಾಡಿಕೊಂಡು ಮುಂದುವರಿಸಿದೆ. ಮೂರನೇ ಪ್ರಶ್ನೆಗೆ ಉತ್ತರಿಸುವಾಗ ಗಿರೀಶ ಮೊಣಕಾಲಿನಿಂದ ನನ್ನ ಭುಜ ತಿವಿದ. ಹೆದರಿದ್ದಾನೆಂದುಕೊಂಡು ಸುಮ್ಮನಿರಿಸಿದೆ. ಆಮೇಲೆ ಸುಮಂಗಲಕ್ಕ ಗಿರೀಶನ ಪರದೆಯ ಚಾಟ್‌ನಲ್ಲಿ, ಸ್ವಲ್ಪ ನೀರು ಕುಡಿಯಿರಿ ಎಂದು ಬರೆದರಂತೆ. ಗಿರೀಶ ಲೋಟ ಎತ್ತಿದ. ಅದೇ ಹೊತ್ತಿಗೆ ಅವರು ಮುಂದಿನ ಪ್ರಶ್ನೆ ಕೇಳಿದರು. ಅವನ ಮೊಣಕಾಲು ಬಿಟ್ಟು ಬೇರೇನೂ ಕಾಣದ ನಾನು ಸರಾಗವಾಗಿ ಉತ್ತರ ಕೊಟ್ಟೆ. ಗಿರೀಶ ಇನ್ನೂ ನೀರು ಕುಡಿಯುತ್ತಿದ್ದ.

"ಥ್ಯಾಂಕ್ಯೂ," ಎಂದು ಅವರು ಕಾಲ್ ಮುಗಿಸಿದರು.

ಮರುದಿನ ಕಾರು ಎಂದಿನಂತೆ ಬಂತು. ಹೆದ್ದಾರಿ ಸೇರುತ್ತಲೇ ಏಸಿ ಆಫ್ ಆಯಿತು.

"ನಾಕು ವರ್ಷ ಬಾಜೂಕ ಕೂಡಿಸ್ಕೊಂಡೀನಿ. ನಿಮ್ಮ ದನಿ ನನಗ ತಿಳಿಯಂಗಿಲ್ಲೇನ್ರಿ ಮೂರ್ತಿ? ಅಂವಾ ಕೆಲಸಕ್ಕ ಬಂದ ಮ್ಯಾಲೂ ದಿನಾ ಟೇಬಲ್ ಕೆಳಗ ಕೂಡಾವ್ರೇನು?"

ನಾನೂ ಬಿಡಲಿಲ್ಲ. "ಅವನ ಸಂಸಾರ ಬೀದಿಗೆ ಬೀಳ್ತಿದೆ ಅಕ್ಕಾ! ಕಂಪನಿಗಳು ಬಾಯಿಬಿಟ್ಟರೆ ಸುಳ್ಳು. ನಮ್ಮ ಒಂದು ಸುಳ್ಳು ನಿಮಗೆ ದೊಡ್ಡದಾಯ್ತಾ? ಇನ್ನೊಂದು ಸಲ ಕರೆದು ಅವನನ್ನೇ ಕೇಳಿ."

"ಆಗಂಗಿಲ್ರಿ. ಆ ಜಾಗಾಕ್ಕ ಇನ್ನೂ ಹನ್ನೊಂದು ಮಂದಿ ಬಂದಿದ್ರು. ಎಲ್ಲಾರೂ ತಮ್ಮ ಬಾಯಿಲೇ ಮಾತಾಡ್ಯಾರ. ಅವರಿಗೆ ಸಂಸಾರ ಇಲ್ಲೇನು?" ಆಮೇಲೆ ದನಿ ಇಳಿಸಿದರು. "ಅಂವನ ರೆಸ್ಯೂಮೆ ಓದಿ, ತೊಗೊಂಡ್ರ ಇಂವನ್ನ ತೊಗೋಬೇಕು ಅಂತ ಬಂದು ಕುಂತಿದ್ದೆ. ತೊದಲಿದ್ರೂ ನಡೀತಿತ್ತು. ಮೂರನೇ ಪ್ರಶ್ನಿ ಅಂವಾ ಮಾಡಿದ ಕೆಲಸದ ಮ್ಯಾಲಿಂದು. ಅಂವಗ ಗೊತ್ತಿತ್ತು. ತಪ್ಪು ಹೇಳಿದಾವ್ರು ನೀವು."

ಅವನ ಮೊಣಕಾಲು ನನ್ನ ಭುಜ ತಿವಿದದ್ದು ನೆನಪಾಯಿತು. ಅವನಿಗೆ ಬರುವುದಿಲ್ಲ ಎಂದು ತೀರ್ಮಾನಿಸಿದ್ದು ಕಂಪನಿಯಲ್ಲ, ನಾನು.

ನನ್ನ ಹೆಸರನ್ನು ಅವರು ಯಾರಿಗೂ ಹೇಳಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಅರವತ್ತನೇ ದಿನಕ್ಕೆ ಮೊದಲೇ ಗಿರೀಶ ಸಂಸಾರ ಸಮೇತ ಬೆಂಗಳೂರಿಗೆ ಹೊರಟ.

ವರ್ಷದ ಬಳಿಕ ಅವರ ಕಂಪನಿ ಇಂಟರ್‌ವ್ಯೂಗಳನ್ನು ಎಐ ಯಂತ್ರಕ್ಕೇ ಒಪ್ಪಿಸಿತು. ಯಂತ್ರ ತಿರಸ್ಕರಿಸಿದವರ ಪಟ್ಟಿಗೆ ಸಹಿ ಹಾಕಲು ಸುಮಂಗಲಕ್ಕನಿಗೆ ಹೇಳಿದರು. "ನಾ ಮಾತಾಡಿಸದ ಮನಷ್ಯಾರಿಗೆ ಬ್ಯಾಡ ಅಂತ ನಾ ಹೆಂಗ ಬರೀಲಿ?" ಎಂದು ಕೆಲಸ ಬಿಟ್ಟು, ಹ್ಯೂಸ್ಟನ್ ಕಡೆಯ ವುಡ್‌ಲ್ಯಾಂಡ್ಸಿನಲ್ಲಿರುವ ತಂಗಿಯ ಮನೆಗೆ ಹೊರಟರು. ಕೊನೆಯ ದಿನ ನನ್ನನ್ನು ಮನೆ ಮುಂದೆ ಇಳಿಸಿ, ಗಾಜು ಇಳಿಸಿ ಕೇಳಿದರು.

"ಗಿರೀಶಗ ಹೇಳೀರೇನು? ನಾ ಅಂವನ್ನ ತೊಗೊಳ್ಳಾಕ ಬಂದಿದ್ದೆ ಅಂತ? ಅಂವಗ ತನ್ನ ಮ್ಯಾಲೆ ನಂಬಿಕಿ ಬರಬೇಕ್ರಿ."

"ಹೇಳಿದೆ ಅಕ್ಕಾ," ಎಂದೆ.

"ಛಲೋ ಮಾಡಿದ್ರಿ," ಎಂದು ನಕ್ಕು ಹೋದರು. ಮತ್ತೆ ಭೇಟಿಯಾಗಿಲ್ಲ.

ಗಿರೀಶ ಈಗಲೂ ಭಾನುವಾರ ಫೋನ್ ಮಾಡುತ್ತಾನೆ. "ಆ ಹೆಂಗಸು ಹೇಗಿದ್ರೂ ನನ್ನನ್ನ ತಗೋತಿರಲಿಲ್ಲ ಬಿಡೋ. ನೀನಾದ್ರೂ ನನಗೋಸ್ಕರ ಟೇಬಲ್ ಕೆಳಗೆ ಕೂತೆ," ಎನ್ನುತ್ತಾನೆ.

ನಾನು ಹೂಂ ಎನ್ನುತ್ತೇನೆ.