ಹಿತ್ತಲ ಮನೆಯ ಸಲಹೆಗಾರ

ಜಾಲಹಳ್ಳಿಯಲ್ಲಿ ನಮ್ಮ ಹಿತ್ತಲ ಮನೆಗೆ ಮೇಷ್ಟ್ರು ಎಂದು ಹೇಳಿಕೊಂಡು ಬಾಡಿಗೆಗೆ ಬಂದವನು ಮೇಷ್ಟ್ರೇ ಅಲ್ಲ ಎಂದು ತಿಳಿಯಲು ನಮಗೆ ಬಹಳ ದಿನ ಹಿಡಿಯಲಿಲ್ಲ. ಎಂಬತ್ತರ ದಶಕ, ಶ್ರೀಲಂಕಾದಲ್ಲಿ ಅಂತರ್ಯುದ್ಧ. ಅಲ್ಲಿನ ಒಂದು ತಮಿಳು ಬಣದ ನಾಯಕನಿಗೆ ಈತ ರಾಜಕೀಯ ಸಲಹೆಗಾರ. ಬಂದೂಕು ಕೆಳಗಿಟ್ಟು ಮಾತಾಡಿ ಎಂದು ಸಲಹೆ ಕೊಟ್ಟು, ತನ್ನವರಿಗೇ ಬೇಡವಾಗಿ ಇಲ್ಲಿ ತಲೆಮರೆಸಿಕೊಂಡಿದ್ದ.

ನಾಯಕನಿಗೆ ಬುದ್ಧಿ ಹೇಳಿದವನಿಗೆ ಮುದ್ದೆ ತಿನ್ನುವುದು ಮಾತ್ರ ಬರಲಿಲ್ಲ. ಅಗಿದು ಅಗಿದು ಹಲ್ಲಿಗೆಲ್ಲ ಅಂಟಿಸಿಕೊಳ್ಳುತ್ತಿದ್ದ. "ನುಂಗ್ರೀ ಸಾರ್, ಇದೇನ್ ಚೂಯಿಂಗ್ ಗಮ್ಮಾ?" ಎಂದು ನನ್ನ ಗಂಡ ಗೋಳು ಹೊಯ್ದುಕೊಳ್ಳುತ್ತಿದ್ದರು. ನನಗೆ ಒಡಹುಟ್ಟಿದವರಿಲ್ಲ. ಅವನು "ಅಕ್ಕಾ" ಎಂದಾಗಲೆಲ್ಲ ನಾನು ಕರಗುತ್ತಿದ್ದೆ.

ಅವನನ್ನು ನೋಡಲು ಬರುತ್ತಿದ್ದವನು ಒಬ್ಬನೇ, ಅದೇ ಬಣದ ಹಳೆಯ ಗೆಳೆಯ. ಹೊರಡುವಾಗ ಬಾಗಿಲಲ್ಲಿ ನಿಂತು, ಹರಕುಮುರುಕು ಕನ್ನಡದಲ್ಲಿ "ಹೋಗಿ ಬರ್ತೀನಿ ಅಕ್ಕಾ" ಎನ್ನದೆ ಹೋದವನಲ್ಲ. ಒಂದು ಸಂಜೆ ಮಾತ್ರ ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಎದ್ದು ಹೋದ. ಹಾಗೆ ಹೇಳದೆ ಹೋಗುವುದು ಸಾವಿನ ಮನೆಯಿಂದ. ಅವರಲ್ಲೂ ಅದೇ ರೂಢಿ. ಎಂಥ ಅಪಶಕುನದವನಪ್ಪ ಎಂದು ಬೈದುಕೊಂಡೆ.

ಮರುದಿನ ಬೆಳಗ್ಗೆ ಫ್ಯಾಕ್ಟರಿ ಬಸ್ಸುಗಳು ಹೋದ ಮೇಲೆ, ಯಾರೋ ಇಬ್ಬರು ನೇರ ಹಿತ್ತಲಿಗೆ ನುಗ್ಗಿ, ನಲ್ಲಿಯ ಬಳಿ ಹಲ್ಲುಜ್ಜುತ್ತಿದ್ದವನನ್ನು ಗುಂಡಿಕ್ಕಿ ಕೊಂದು ಓಡಿದರು. ಆಗ ನನಗೆ ಅರ್ಥವಾಯಿತು. ಆ ಗೆಳೆಯನ ಪಾಲಿಗೆ ಹಿಂದಿನ ಸಂಜೆಯೇ ಅದು ಸಾವಿನ ಮನೆಯಾಗಿತ್ತು.

ವಾರ ಕಳೆದು ಆತ ಸತ್ತವನ ಬಟ್ಟೆಬರೆಯ ಪೆಟ್ಟಿಗೆ ಒಯ್ಯಲು ಬಂದ. ಕಣ್ಣು ಬೇರೆ ಒರೆಸಿಕೊಂಡ. "ಒಳಗಿದೆ, ತಗೊಳ್ಳಪ್ಪ" ಎಂದೆ. ಅವನು ಒಳಗೆ ಕಾಲಿಟ್ಟೊಡನೆ ಹೊರಗಿನಿಂದ ಚಿಲಕ ಜಡಿದೆ. ಬಾಗಿಲು ಬಡಿಯುತ್ತಾ "ಅಕ್ಕಾ, ಅಕ್ಕಾ" ಎಂದು ಕೂಗಿದ. ಆ ಬಾಯಲ್ಲಿ ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಪೊಲೀಸರಿಗೆ ಹೇಳಿ ಕಳಿಸಿದೆ.

ಇನ್ಸ್‌ಪೆಕ್ಟರ್ ಎಲ್ಲ ಕೇಳಿ ನಕ್ಕರು. "ಹೇಳ್ದೆ ಹೋದ ಅಂತ ಕೊಲೆಗಾರ ಅಂತೀರಲ್ಲ ಮೇಡಂ, ಕೋರ್ಟಲ್ಲಿ ನಗ್ತಾರೆ ಕಣ್ರೀ." ಅವನನ್ನು ಕರೆದುಕೊಂಡು ಹೋದವರು ಮರುದಿನವೇ ಬಿಟ್ಟರು. "ಬಿಟ್ಬಿಡೇ, ನಮಗ್ಯಾಕೆ ಅವರ ಉಸಾಬರಿ" ಎಂದ ಗಂಡನ ಜೊತೆ ಎಷ್ಟೋ ದಿನ ಮಾತು ಬಿಟ್ಟೆ.

ಆಮೇಲೊಂದು ದಿನ ತಮಿಳು ಪತ್ರಿಕೆ ಓದುವ ಪಕ್ಕದ ಮನೆಯಾಕೆ ಒಂದು ಚಿತ್ರ ತೋರಿಸಿದಳು. ನಾಯಕನ ಪಕ್ಕದಲ್ಲಿ ಅದೇ ಗೆಳೆಯ. ಸತ್ತವನ ಜಾಗದಲ್ಲಿ ಈಗ ಅವನೇ ಸಲಹೆಗಾರನಂತೆ.

ವಯಸ್ಸಾಯಿತು, ಕ್ಷಮಿಸಿಬಿಡು ಎನ್ನುತ್ತಾರೆ ಮಕ್ಕಳು. ಯಾಕೆ ಕ್ಷಮಿಸಲಿ? ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ ನಾನು. ಅವನು ನನಗಿಂತ ಮೊದಲು ಸಾಯಬೇಕು. ಆ ಸುದ್ದಿಯನ್ನು ನಾನು ಕಿವಿಯಾರೆ ಕೇಳಬೇಕು.